ಕೆಡದ ಟಿ.ವಿ. ಹಾಳಾಗುವುದು ಹೇಗೆ?

ಮನೆಯ ಒಂದು ವಸ್ತು ‘ಹಾಳಾಯಿತು’ ಎಂದರೆ ಏನರ್ಥ ಎಂಬ ಬಗ್ಗೆ ನಮ್ಮ ತಲೆಮಾರಿನವರಿಗೆ ಗೊಂದಲವಿರಲಿಲ್ಲ. ಮಿಕ್ಸಿಯ ಮೋಟಾರು ಸುಡುತ್ತಿತ್ತು, ರೇಡಿಯೊದ ವಾಲ್ವು ಹೋಗುತ್ತಿತ್ತು, ಟಿ.ವಿ.ಯ ಪಿಕ್ಚರ್ ಟ್ಯೂಬು ಮಂಕಾಗುತ್ತಿತ್ತು. ಕೆಟ್ಟ ಭಾಗವನ್ನು ರಿಪೇರಿಯವನು ಬಿಚ್ಚಿ ಕೈಯಲ್ಲಿಡುತ್ತಿದ್ದ. ಹೊಸ ಭಾಗಕ್ಕೆ ಎಷ್ಟು, ಕೂಲಿಗೆ ಎಷ್ಟು ಎಂದು ಲೆಕ್ಕ ಹೇಳುತ್ತಿದ್ದ. ಕಳೆದ ಹತ್ತು ಹದಿನೈದು ವರ್ಷಗಳಲ್ಲಿ ಬೇರೊಂದು ಬಗೆಯ ಹಾಳಾಗುವಿಕೆ ನಮ್ಮ ಮನೆಗಳನ್ನು ಪ್ರವೇಶಿಸಿದೆ. ಇಲ್ಲಿ ವಸ್ತುವಿನ ಯಾವ ಭಾಗವೂ ಕೆಟ್ಟಿರುವುದಿಲ್ಲ. ಪರದೆ ಬೆಳಗುತ್ತದೆ, ಧ್ವನಿ ಸ್ಪಷ್ಟವಾಗಿರುತ್ತದೆ, ರಿಮೋಟ್ ಹೇಳಿದ ಮಾತು ಕೇಳುತ್ತದೆ. ಆದರೂ ಯಾವ ಉದ್ದೇಶಕ್ಕಾಗಿ ಹೆಚ್ಚು ಹಣ ತೆತ್ತು ಅದನ್ನು ಕೊಂಡಿದ್ದೆವೋ ಆ ಉದ್ದೇಶಕ್ಕೆ ಅದು ಒದಗುವುದಿಲ್ಲ. ‘ಈ ಸಾಧನದಲ್ಲಿ ಈ ಆ್ಯಪ್ ಇನ್ನು ಲಭ್ಯವಿಲ್ಲ’ ಎಂಬ ಒಂದು ಸಾಲು ಪರದೆಯ ಮೇಲೆ ಮೂಡುವುದರೊಂದಿಗೆ ‘ಸ್ಮಾರ್ಟ್’ ಟಿ.ವಿ. ಮತ್ತೆ ಸಾಮಾನ್ಯ ಟಿ.ವಿ.ಯಾಗುತ್ತದೆ.

ಇದು ಎಲ್ಲೋ ಒಂದೆರಡು ಮನೆಗಳ ಸಮಸ್ಯೆಯಲ್ಲ. 2015ರ ಏಪ್ರಿಲ್‌ನಲ್ಲಿ ಯೂಟ್ಯೂಬ್ ಸಂಸ್ಥೆ ತನ್ನ ಹಳೆಯ ಸಂಪರ್ಕ ವ್ಯವಸ್ಥೆಯೊಂದನ್ನು ಮುಚ್ಚಿತು. ಪರಿಣಾಮವಾಗಿ 2012ರ ವೇಳೆಗೆ ಮತ್ತು ಅದಕ್ಕೂ ಮುಂಚೆ ತಯಾರಾದ ಅನೇಕ ಸ್ಮಾರ್ಟ್ ಟಿ.ವಿ.ಗಳಲ್ಲಿ ಯೂಟ್ಯೂಬ್ ನಿಂತುಹೋಯಿತು. ಮೂರೇ ವರ್ಷ ಹಳೆಯದಾಗಿದ್ದ ಸೆಟ್‌ಗಳೂ ಅವುಗಳಲ್ಲಿದ್ದವು. 2019ರ ಡಿಸೆಂಬರ್‌ನಲ್ಲಿ ನೆಟ್‌ಫ್ಲಿಕ್ಸ್ ಇದೇ ದಾರಿ ಹಿಡಿದು, ಸ್ಯಾಮ್‌ಸಂಗ್ ಕಂಪೆನಿಯ 2010 ಮತ್ತು 2011ರ ಕೆಲವು ಮಾದರಿಗಳು ಹಾಗೂ ರೋಕು ಮತ್ತು ವಿಜಿಯೊ ಕಂಪೆನಿಗಳ ಕೆಲವು ಹಳೆಯ ಸಾಧನಗಳಿಗೆ ಸೇವೆಯನ್ನು ನಿಲ್ಲಿಸಿತು. 2021ರ ಸೆಪ್ಟೆಂಬರ್ 30ರಂದು ಇನ್ನೂ ವಿಚಿತ್ರವಾದ ಪ್ರಸಂಗ ನಡೆಯಿತು. ಅಂತರ್ಜಾಲ ತಾಣಗಳ ನೈಜತೆಯನ್ನು ದೃಢೀಕರಿಸುವ ಒಂದು ಮೂಲ ಪ್ರಮಾಣಪತ್ರದ ಅವಧಿ ಅಂದಿಗೆ ಮುಗಿಯಿತು. ಹೊಸ ಪ್ರಮಾಣಪತ್ರ ತಲುಪದಿದ್ದ ಜಗತ್ತಿನ ಹಳೆಯ ಸಾಧನಗಳಿಗೆ ಅನೇಕ ತಾಣಗಳ ಬಾಗಿಲು ಮುಚ್ಚಿತು.

ಈ ತೊಡಕಿನ ಒಳಗಿನ ಕಾರಣಗಳನ್ನು ಸರಳವಾಗಿ ಹೇಳುವುದಾದರೆ ನಾಲ್ಕು. ಮೊದಲನೆಯದು, ಟಿ.ವಿ.ಯ ಕಾರ್ಯಾಚರಣೆ ತಂತ್ರಾಂಶ. ಎಲ್‌ಜಿ 2014ರಲ್ಲಿ ವೆಬ್‌ಓಎಸ್ ಅನ್ನು, ಸ್ಯಾಮ್‌ಸಂಗ್ 2015ರಲ್ಲಿ ಟೈಜೆನ್ ಅನ್ನು ತಮ್ಮ ಟಿ.ವಿ.ಗಳಿಗೆ ತಂದವು, ಬೇರೆ ಹಲವು ಕಂಪೆನಿಗಳು ಗೂಗಲ್‌ನ ಆಂಡ್ರಾಯ್ಡ್ ಟಿ.ವಿ.ಯನ್ನು ಒಪ್ಪಿಕೊಂಡವು. ಇವೆಲ್ಲಕ್ಕೂ ಹೊಸ ಹೊಸ ಆವೃತ್ತಿಗಳು ಬರುತ್ತವೆ. ಆ್ಯಪ್ ತಯಾರಕರು ಹೊಸ ಆವೃತ್ತಿಗೆ ತಕ್ಕಂತೆ ಆ್ಯಪ್ ಬರೆಯುತ್ತಾರೆ. ಹಳೆಯ ಟಿ.ವಿ.ಗೆ ಹೊಸ ಆವೃತ್ತಿಯನ್ನು ಕಳುಹಿಸುವುದು ಟಿ.ವಿ. ತಯಾರಕರ ಕೆಲಸ. ಅವರು ಕಳುಹಿಸುವುದಿಲ್ಲ. ಎರಡನೆಯದು, ಚಿತ್ರಗಳ ಕಳವನ್ನು ತಡೆಯುವ ಬೀಗದ ವ್ಯವಸ್ಥೆ. ಚಲನಚಿತ್ರದ ಹಕ್ಕುದಾರರು ಬೀಗವನ್ನು ಬದಲಿಸಿದರೆ ಹಳೆಯ ಟಿ.ವಿ.ಯಲ್ಲಿರುವ ಕೀಲಿಕೈ ಅದಕ್ಕೆ ಹೊಂದುವುದಿಲ್ಲ. ಮೂರನೆಯದು, ದೃಶ್ಯವನ್ನು ಅಡಕಗೊಳಿಸಿ ಕಳುಹಿಸುವ ವಿಧಾನ. ಕಡಿಮೆ ಡೇಟಾದಲ್ಲಿ ಒಳ್ಳೆಯ ಚಿತ್ರ ಕೊಡುವ ಹೊಸ ವಿಧಾನಗಳನ್ನು ಬಿಡಿಸಬಲ್ಲ ಚಿಪ್ಪು ಹಳೆಯ ಸೆಟ್‌ನಲ್ಲಿರುವುದಿಲ್ಲ. ನಾಲ್ಕನೆಯದು, ಮೇಲೆ ಹೇಳಿದ ಪ್ರಮಾಣಪತ್ರದ ಅವಧಿ.

ಈ ನಾಲ್ಕರಲ್ಲಿ ಚಿಪ್ಪಿನ ಮಿತಿಯೊಂದೇ ನಿಜವಾಗಿ ಯಂತ್ರದ ಮಿತಿ. ಉಳಿದ ಮೂರು ಬಹುಮಟ್ಟಿಗೆ ಮನುಷ್ಯರ ತೀರ್ಮಾನಗಳು. ಪ್ರಮಾಣಪತ್ರದ ಅವಧಿ ಮುಗಿದರೂ ಹೊಸದನ್ನು ಅಂತರ್ಜಾಲದ ಮೂಲಕವೇ ಕಳುಹಿಸಲು ಸಾಧ್ಯ. ಕಳುಹಿಸದೆ ಇರುವುದು ಒಂದು ಆಡಳಿತಾತ್ಮಕ ನಿರ್ಣಯ. ಟಿ.ವಿ. ತಯಾರಕರು ಆ್ಯಪ್ ಕಂಪೆನಿಯತ್ತ ಬೆರಳು ತೋರಿಸುತ್ತಾರೆ. ಆ್ಯಪ್ ಕಂಪೆನಿ ಟಿ.ವಿ. ತಯಾರಕರತ್ತ ತೋರಿಸುತ್ತದೆ. ಮೂರು ದಶಕಕ್ಕೂ ಹೆಚ್ಚು ಕಾಲ ಸರ್ಕಾರಿ ಕಚೇರಿಗಳಲ್ಲಿ ಕಡತಗಳು ಮೇಜಿನಿಂದ ಮೇಜಿಗೆ ಹೋಗುವುದನ್ನು ಕಂಡ ನನಗೆ ಈ ಆಟ ಅಪರಿಚಿತವಲ್ಲ. ವ್ಯತ್ಯಾಸ ಇಷ್ಟೇ: ಸರ್ಕಾರಿ ಕಚೇರಿಯಲ್ಲಿ ಮೇಲ್ಮನವಿ ಸಲ್ಲಿಸಲು ಒಬ್ಬ ಅಧಿಕಾರಿಯಾದರೂ ಇರುತ್ತಾನೆ.

ನಾನು ನಿವೃತ್ತಿಯ ನಂತರ ನೆಲೆಸಿರುವ ದೇವರಗುಡ್ಡ ಹಾವೇರಿ ಜಿಲ್ಲೆಯ ರಾಣೆಬೆನ್ನೂರು ತಾಲ್ಲೂಕಿಗೆ ಸೇರಿದ ಗ್ರಾಮ. ಮಾಲತೇಶಸ್ವಾಮಿಯ ಕ್ಷೇತ್ರವೆಂದು ನಾಡಿಗೆ ಪರಿಚಿತ. ಸುತ್ತಲಿನ ಊರುಗಳಲ್ಲಿ ಹತ್ತಿ, ಗೋವಿನಜೋಳ ಬೆಳೆಯುವವರ ಮನೆಗಳಲ್ಲಿಯೂ ಇಂದು ಗೋಡೆಗೆ ತೂಗುಹಾಕಿದ ಸ್ಮಾರ್ಟ್ ಟಿ.ವಿ. ಅಪರೂಪವಲ್ಲ. ಒಳ್ಳೆಯ ಫಸಲು ಬಂದ ವರ್ಷ, ಮಗಳ ಮದುವೆಯ ವರ್ಷ, ನಿವೃತ್ತಿಯ ಹಣ ಕೈಸೇರಿದ ವರ್ಷ ಕೊಂಡ ವಸ್ತು ಅದು. ನಮ್ಮ ಮನೆಯ ಸೆಟ್ ಕೂಡ ಹಾಗೆ ಬಂದದ್ದೇ. ಕೊಂಡ ಏಳನೆಯ ವರ್ಷದಲ್ಲಿ ಅದರ ಎರಡು ಆ್ಯಪ್‌ಗಳು ಒಂದರ ಹಿಂದೆ ಒಂದು ನಿಂತವು. ಕಂಪೆನಿಯ ಸಹಾಯವಾಣಿಗೆ ಕರೆ ಮಾಡಿದಾಗ, ವಾರಂಟಿ ಮುಗಿದಿದೆ, ಹಳೆಯ ಸೆಟ್ ಕೊಟ್ಟು ಹೊಸದನ್ನು ಕೊಂಡರೆ ರಿಯಾಯಿತಿ ಉಂಟು ಎಂಬ ಉತ್ತರ ಬಂತು. ರಾಣೆಬೆನ್ನೂರಿನಿಂದ ಬಂದ ಮೆಕ್ಯಾನಿಕ್ ಹುಡುಗ ಮಾತ್ರ ಸತ್ಯವನ್ನೇ ಹೇಳಿದ: “ಸೆಟ್ಟಿಗೇನೂ ಆಗಿಲ್ರೀ ಸರ. ಇದಕ್ಕ ವಯಸ್ಸಾತು ಅಂತ ಕಂಪನಿಯವ್ರು ಅಂದಾರ, ಅಷ್ಟರೀ.” ಅಕ್ಕಪಕ್ಕದ ನಾಲ್ಕಾರು ಮನೆಗಳಲ್ಲಿ ವಿಚಾರಿಸಿದಾಗ ಇದೇ ಕಥೆ ಬೇರೆ ಬೇರೆ ಹೆಸರಿನ ಟಿ.ವಿ.ಗಳ ಬಗ್ಗೆ ಕೇಳಿಬಂತು. ಅವರಲ್ಲಿ ಹೆಚ್ಚಿನವರು ತಮ್ಮ ಕೈಯಿಂದಲೇ ಏನೋ ತಪ್ಪಾಗಿದೆ ಎಂದು ಭಾವಿಸಿದ್ದರು. ಮೊಮ್ಮಗ ಏನನ್ನೋ ಒತ್ತಿ ಕೆಡಿಸಿದನೆಂದು ಒಬ್ಬರು ಹುಡುಗನನ್ನು ಗದರಿಸಿಯೂ ಇದ್ದರು.

ಅರ್ಥಶಾಸ್ತ್ರಕ್ಕೆ ಈ ವಿದ್ಯಮಾನ ಹೊಸದಲ್ಲ. ಬಾಳಿಕೆಯ ವಸ್ತುವನ್ನು ಮಾರುವವನಿಗೆ ಅವನು ನಿನ್ನೆ ಮಾರಿದ ವಸ್ತುವೇ ಇಂದಿನ ಸ್ಪರ್ಧಿ. ಚೆನ್ನಾಗಿ ಓಡುತ್ತಿರುವ ಹಳೆಯ ಟಿ.ವಿ. ಮನೆಯಲ್ಲಿರುವವರೆಗೆ ಹೊಸದರ ಮಾರಾಟವಿಲ್ಲ. ರೊನಾಲ್ಡ್ ಕೋಸ್ 1972ರಲ್ಲಿ ಬರೆದ ಪ್ರಬಂಧದಲ್ಲಿ ಬಾಳಿಕೆಗೂ ಏಕಸ್ವಾಮ್ಯಕ್ಕೂ ಇರುವ ಈ ಸಂಬಂಧವನ್ನು ವಿವೇಚಿಸಿದ್ದಾರೆ. ಅದಕ್ಕೂ ಬಹಳ ಮೊದಲು, 1924ರ ಕೊನೆಗೆ ಜಿನೀವಾದಲ್ಲಿ ಜಗತ್ತಿನ ಪ್ರಮುಖ ಬಲ್ಬ್ ತಯಾರಕರು ‘ಫೀಬಸ್’ ಎಂಬ ಕೂಟ ರಚಿಸಿಕೊಂಡು, ಬಲ್ಬಿನ ಆಯುಸ್ಸನ್ನು 1,000 ಗಂಟೆಗಳಿಗೆ ಇಳಿಸಲು ಒಪ್ಪಂದ ಮಾಡಿಕೊಂಡಿದ್ದರು. ಇಂದಿನ ಟಿ.ವಿ. ಕಂಪೆನಿಗಳು ಅಂಥ ಕೂಟ ಕಟ್ಟಿಕೊಂಡಿವೆಯೆಂದು ನಾನು ಹೇಳುತ್ತಿಲ್ಲ, ಅದಕ್ಕೆ ಆಧಾರವಿಲ್ಲ. ಕೂಟದ ಅಗತ್ಯವೂ ಇಲ್ಲ. ಪ್ರತಿಯೊಬ್ಬರೂ ಹಳೆಯ ಸೆಟ್‌ಗಳನ್ನು ಸುಮ್ಮನೆ ಮರೆತರೆ ಅದೇ ಫಲ ಸಿಗುತ್ತದೆ.

ಇಲ್ಲಿ ಹೆಚ್ಚು ಪ್ರಸ್ತುತವಾದುದು ಜಾರ್ಜ್ ಅಕರ್‌ಲಾಫ್ 1970ರಲ್ಲಿ ಮಂಡಿಸಿ, 2001ರಲ್ಲಿ ನೊಬೆಲ್ ಗೌರವಕ್ಕೆ ಪಾತ್ರವಾದ ವಿಚಾರ. ಮಾರುವವನಿಗೆ ಗೊತ್ತಿರುವುದು ಕೊಳ್ಳುವವನಿಗೆ ಗೊತ್ತಿಲ್ಲದಿದ್ದರೆ ಮಾರುಕಟ್ಟೆಯಲ್ಲಿ ಒಳ್ಳೆಯ ಸರಕು ಹಿಂದೆ ಸರಿದು ಕಳಪೆ ಸರಕು ಉಳಿಯುತ್ತದೆ. ಅಂಗಡಿಯಲ್ಲಿ ಎರಡು ಟಿ.ವಿ.ಗಳಿವೆ ಎಂದುಕೊಳ್ಳೋಣ. ಒಂದರ ತಯಾರಕರು ಹತ್ತು ವರ್ಷ ತಂತ್ರಾಂಶ ಒದಗಿಸುವವರು, ಬೆಲೆ 32,000 ರೂಪಾಯಿ. ಇನ್ನೊಂದರ ತಯಾರಕರು ನಾಲ್ಕು ವರ್ಷಕ್ಕೆ ಕೈಬಿಡುವವರು, ಬೆಲೆ 28,000. ವರ್ಷದ ಲೆಕ್ಕದಲ್ಲಿ ಮೊದಲನೆಯದಕ್ಕೆ 3,200 ರೂಪಾಯಿ, ಎರಡನೆಯದಕ್ಕೆ 7,000. ಆದರೆ ಗ್ರಾಹಕನ ಕಣ್ಣಿಗೆ ಬೀಳುವುದು ಬೆಲೆಯ ಚೀಟಿಯೊಂದೇ. ಆತ ವಿವೇಕಿಯಾಗಿಯೇ 4,000 ರೂಪಾಯಿ ಉಳಿಸುತ್ತಾನೆ. ಪ್ರಾಮಾಣಿಕ ತಯಾರಕ ಸೋಲುತ್ತಾನೆ. ಮುಂದಿನ ವರ್ಷ ಅವನೂ ಹತ್ತು ವರ್ಷದ ಹೊರೆಯನ್ನು ಇಳಿಸಿಕೊಳ್ಳುತ್ತಾನೆ. ಹೀಗಾಗಿ ಇದನ್ನು ಕಂಪೆನಿಗಳ ದುರ್ಬುದ್ಧಿ ಎಂದು ಮಾತ್ರ ನೋಡಿದರೆ ಸಾಲದು. ಮಾಹಿತಿಯ ಕೊರತೆ ಒಳ್ಳೆಯವರನ್ನೂ ಅದೇ ಹಾದಿಗೆ ತಳ್ಳುತ್ತದೆ.

ಕಂಪೆನಿಗಳ ವಾದವನ್ನೂ ಕೇಳಬೇಕಾದ್ದು ನ್ಯಾಯ. ನೂರಾರು ಮಾದರಿಗಳಿಗೆ, ಹತ್ತಾರು ಬಗೆಯ ಚಿಪ್ಪುಗಳಿಗೆ ಪ್ರತಿ ಹೊಸ ಆವೃತ್ತಿಯನ್ನೂ ಪರೀಕ್ಷಿಸಿ ಕಳುಹಿಸಲು ಖರ್ಚಿದೆ. ಹತ್ತು ವರ್ಷದ ಹಿಂದಿನ ಸೆಟ್‌ನ ಸ್ಮರಣಶಕ್ತಿ ಇಂದಿನ ಅಗ್ಗದ ಮೊಬೈಲಿಗಿಂತಲೂ ಕಡಿಮೆ. ಭದ್ರತಾ ದೋಷಗಳಿರುವ ಹಳೆಯ ತಂತ್ರಾಂಶವನ್ನು ಅಂತರ್ಜಾಲಕ್ಕೆ ತೆರೆದಿಡುವುದೂ ಅಪಾಯಕಾರಿ. ಇವೆಲ್ಲ ಒಪ್ಪತಕ್ಕ ಮಾತುಗಳೇ. ಯಾವ ಸೇವೆಯೂ ಅನಂತಕಾಲ ನಡೆಯಬೇಕೆಂದು ಯಾರೂ ಕೇಳುತ್ತಿಲ್ಲ.

ಆದರೆ ‘ಮಾರಿದ ಮೇಲೆ ನಮಗೂ ಗ್ರಾಹಕನಿಗೂ ಸಂಬಂಧ ಮುಗಿಯಿತು’ ಎಂಬ ನಿಲುವು ಸ್ಮಾರ್ಟ್ ಟಿ.ವಿ.ಯ ವಿಷಯದಲ್ಲಿ ನಿಲ್ಲುವುದಿಲ್ಲ. ಮಾರಿದ ಮೇಲೂ ತಯಾರಕರ ಆದಾಯ ಹರಿದುಬರುತ್ತಲೇ ಇರುತ್ತದೆ. ಪರದೆಯ ಮೇಲಿನ ಜಾಹೀರಾತಿನಿಂದ, ನಾವು ಏನನ್ನು ನೋಡುತ್ತೇವೆಂಬ ಮಾಹಿತಿಯಿಂದ. ಅಮೆರಿಕದ ವಿಜಿಯೊ ಕಂಪೆನಿ 2021ರ ಮೂರನೆಯ ತ್ರೈಮಾಸಿಕದಲ್ಲಿ ಸಾಧನಗಳ ಮಾರಾಟದಿಂದ ಗಳಿಸಿದ್ದಕ್ಕಿಂತ ದುಪ್ಪಟ್ಟಿಗೂ ಹೆಚ್ಚಿನ ಒಟ್ಟು ಲಾಭವನ್ನು ಜಾಹೀರಾತು ಮೊದಲಾದ ಸೇವೆಗಳಿಂದ ಗಳಿಸಿತು. ಇದೇ ಕಂಪೆನಿ ವೀಕ್ಷಕರ ಒಪ್ಪಿಗೆಯಿಲ್ಲದೆ ಅವರ ವೀಕ್ಷಣೆಯ ವಿವರ ಸಂಗ್ರಹಿಸಿದ ಆರೋಪದ ಮೇಲೆ 2017ರಲ್ಲಿ 22 ಲಕ್ಷ ಡಾಲರ್ ತೆರಲು ಒಪ್ಪಬೇಕಾಗಿ ಬಂದಿತ್ತು. ಮಾಹಿತಿ ಪಡೆಯಲು ಸಂಬಂಧ ಜೀವಂತ, ತಂತ್ರಾಂಶ ಕೊಡುವಾಗ ಮಾತ್ರ ಸಂಬಂಧ ಮುಗಿದಿದೆ ಎನ್ನುವುದು ಒಪ್ಪಲಾಗದ ಲೆಕ್ಕ.

ನಮ್ಮ ದೇಶದ ಟಿ.ವಿ. ತಯಾರಕರೂ ಪೂರ್ಣ ಸ್ವತಂತ್ರರಲ್ಲ ಎಂಬುದನ್ನು ಭಾರತೀಯ ಸ್ಪರ್ಧಾ ಆಯೋಗದ ಪ್ರಕರಣವೊಂದು ತೋರಿಸಿದೆ. ಆಂಡ್ರಾಯ್ಡ್ ಟಿ.ವಿ.ಗೆ ಸಂಬಂಧಿಸಿದ ಗೂಗಲ್‌ನ ಒಪ್ಪಂದಗಳು ತಯಾರಕರ ಕೈ ಕಟ್ಟಿಹಾಕುತ್ತವೆ ಎಂಬ ದೂರಿನ ಮೇಲೆ ಆಯೋಗವು 2021ರ ಜೂನ್‌ನಲ್ಲಿ ತನಿಖೆಗೆ ಆದೇಶಿಸಿತು. 2025ರ ಏಪ್ರಿಲ್‌ನಲ್ಲಿ ಪ್ರಕರಣ ರಾಜಿಯಲ್ಲಿ ಮುಗಿಯಿತು: ಗೂಗಲ್ 20.24 ಕೋಟಿ ರೂಪಾಯಿ ತೆರಲು ಮತ್ತು ಭಾರತದಲ್ಲಿ ತನ್ನ ಪ್ಲೇ ಸ್ಟೋರ್ ಹಾಗೂ ಪ್ಲೇ ಸೇವೆಗಳಿಗೆ ಪ್ರತ್ಯೇಕ ಪರವಾನಗಿ ನೀಡಲು ಒಪ್ಪಿಕೊಂಡಿತು. ಇದು ಸ್ವಾಗತಾರ್ಹ. ಆದರೆ ಅದು ಕಂಪೆನಿ ಕಂಪೆನಿಗಳ ನಡುವಿನ ನ್ಯಾಯ. ಹಳೆಯ ಸೆಟ್ ಇಟ್ಟುಕೊಂಡ ಗ್ರಾಹಕನ ಹೆಸರು ಆ ತೀರ್ಮಾನದಲ್ಲಿಲ್ಲ.

ದೂರದರ್ಶನದ ಇತಿಹಾಸವನ್ನು ನೋಡಿದರೆ ತಂತ್ರಜ್ಞಾನ ಬದಲಾಗುವಾಗ ಜನರನ್ನು ಗೌರವದಿಂದ ನಡೆಸಿಕೊಂಡ ನಿದರ್ಶನಗಳು ನಮ್ಮಲ್ಲೇ ಇವೆ. 1975ರ ಆಗಸ್ಟ್ 1ರಿಂದ 1976ರ ಜುಲೈ 31ರವರೆಗೆ ನಡೆದ ‘ಸೈಟ್’ ಪ್ರಯೋಗದಲ್ಲಿ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಉಪಗ್ರಹದ ಮೂಲಕ ಟಿ.ವಿ. ತಲುಪಿತು. ಅಂದಿನ ಗುಲ್ಬರ್ಗ, ರಾಯಚೂರು, ಬಿಜಾಪುರ ಜಿಲ್ಲೆಗಳ ಹಳ್ಳಿಗಳೂ ಅವುಗಳಲ್ಲಿದ್ದವು. ಉಪಗ್ರಹ ಅಮೆರಿಕದಿಂದ ಒಂದು ವರ್ಷಕ್ಕೆ ಪಡೆದದ್ದು. ಆ ಅವಧಿ ಮೊದಲೇ ನಿಗದಿಯಾಗಿತ್ತು, ಸೆಟ್‌ಗಳ ನಿರ್ವಹಣೆಗೂ ವ್ಯವಸ್ಥೆಯಿತ್ತು. ಕೇಬಲ್ ಡಿಜಿಟಲೀಕರಣದ ಸಂದರ್ಭದಲ್ಲಿ 2011ರಲ್ಲಿ ಕಾಯ್ದೆಗೆ ತಿದ್ದುಪಡಿ ತರಲಾಯಿತು. ನಾಲ್ಕು ಹಂತಗಳ ಗಡುವು ಸಾರಲಾಯಿತು. ಬೆಂಗಳೂರು, ಮೈಸೂರುಗಳಿಗೆ 2013ರ ಮಾರ್ಚ್ 31, ನಮ್ಮಂಥ ಗ್ರಾಮಾಂತರ ಪ್ರದೇಶಗಳಿಗೆ 2017ರ ಮಾರ್ಚ್ 31. ಗೊಣಗಾಟವಿತ್ತು, ಖರ್ಚೂ ಇತ್ತು. ಆದರೆ ಯಾರ ಟಿ.ವಿ.ಯೂ ಕಸವಾಗಲಿಲ್ಲ. ಒಂದು ಸೆಟ್‌ಟಾಪ್ ಬಾಕ್ಸ್ ಸೇರಿಸಿಕೊಂಡು ಇಪ್ಪತ್ತು ವರ್ಷದ ಹಳೆಯ ಡಬ್ಬಿ ಟಿ.ವಿ.ಯೂ ಮುಂದುವರಿಯಿತು. 2020ರಲ್ಲಿ ಕೋವಿಡ್‌ನಿಂದ ಶಾಲೆಗಳು ಮುಚ್ಚಿದಾಗ ಚಂದನ ವಾಹಿನಿಯಲ್ಲಿ ಬಂದ ಪಾಠಗಳನ್ನು ಅಂಥ ಸೆಟ್‌ಗಳ ಮುಂದೆಯೂ ಮಕ್ಕಳು ಕುಳಿತು ಕೇಳಿದರು. ‘ನಿಮ್ಮ ಟಿ.ವಿ. ಹಳೆಯದಾಯಿತು, ನಿಮಗೆ ಪಾಠವಿಲ್ಲ’ ಎಂದು ದೂರದರ್ಶನ ಹೇಳಲಿಲ್ಲ. ಇಂದು ಕ್ರಿಕೆಟ್, ಸಿನಿಮಾ, ವಾರ್ತೆ, ಪಾಠಗಳೆಲ್ಲ ಕ್ರಮೇಣ ಆ್ಯಪ್‌ಗಳತ್ತ ಸರಿಯುತ್ತಿವೆ. ಪ್ರಸಾರ ಭಾರತಿಯೇ 2024ರ ನವೆಂಬರ್‌ನಲ್ಲಿ ‘ವೇವ್ಸ್’ ಎಂಬ ತನ್ನ ಆ್ಯಪ್ ಹೊರತಂದಿದೆ. ಹೀಗಿರುವಾಗ ಹೊಂದಾಣಿಕೆಯ ಪ್ರಶ್ನೆಯನ್ನು ಮನರಂಜನೆಯ ಪ್ರಶ್ನೆಯೆಂದು ತಳ್ಳಿಹಾಕಲಾಗದು.

ಮುನ್ಸೂಚನೆಗೆ ಇರುವ ಬೆಲೆ ನಮ್ಮ ಕ್ಷೇತ್ರದ ಜನರಿಗೆ ಚೆನ್ನಾಗಿ ಗೊತ್ತು. ನವರಾತ್ರಿಯಲ್ಲಿ ಇಲ್ಲಿ ಗೊರವಪ್ಪನು ಬಿಲ್ಲನ್ನೇರಿ ‘ಸದ್ದಲೇ’ ಎಂದು ಕೂಗಿ ಕಾರಣಿಕ ನುಡಿಯುತ್ತಾನೆ. ಒಗಟಿನಂಥ ಆ ಒಂದು ಮಾತಿನಲ್ಲಿ ಮುಂದಿನ ಮಳೆಬೆಳೆಯ, ಧಾರಣೆಯ ಸುಳಿವನ್ನು ಸಾವಿರಾರು ರೈತರು ಹುಡುಕುತ್ತಾರೆ. ಕಾರಣಿಕವನ್ನು ನಂಬುವುದೂ ಬಿಡುವುದೂ ಅವರವರಿಗೆ ಸೇರಿದ್ದು. ಮಳೆಯ ಭವಿಷ್ಯ ಯಾರ ಕೈಯಲ್ಲೂ ಇಲ್ಲದ್ದರಿಂದ ಒಂದು ಸೂಚನೆಗಾಗಿ ಜನ ಬಿಸಿಲಲ್ಲಿ ನಿಂತು ಕಾಯುತ್ತಾರೆ ಎಂಬುದಷ್ಟೇ ನನ್ನ ಮಾತು. ಟಿ.ವಿ.ಯ ತಂತ್ರಾಂಶದ ಭವಿಷ್ಯವಾದರೋ ಅದನ್ನು ಮಾಡಿದವರ ಕೈಯಲ್ಲೇ ಇದೆ. ಎಷ್ಟು ವರ್ಷ ಬೆಂಬಲ ಕೊಡುತ್ತೇವೆಂಬುದನ್ನು ಅವರು ಯೋಜನೆಯ ಹಂತದಲ್ಲೇ ಲೆಕ್ಕ ಹಾಕಿರುತ್ತಾರೆ. ಗೊತ್ತಿರುವುದನ್ನು ಹೇಳಲು ಬಿಲ್ಲನ್ನೇರಬೇಕಾಗಿಲ್ಲ. ಪೆಟ್ಟಿಗೆಯ ಮೇಲೆ ಮುದ್ರಿಸಿದರೆ ಸಾಕು.

ಬೇರೆ ದೇಶಗಳು ಈ ದಿಕ್ಕಿನಲ್ಲಿ ಹೆಜ್ಜೆಯಿಟ್ಟಿವೆ. ಬ್ರಿಟನ್‌ನಲ್ಲಿ 2024ರ ಏಪ್ರಿಲ್ 29ರಿಂದ ಜಾರಿಯಲ್ಲಿರುವ ಕಾನೂನಿನ ಪ್ರಕಾರ, ಸ್ಮಾರ್ಟ್ ಟಿ.ವಿ. ಸೇರಿದಂತೆ ಅಂತರ್ಜಾಲಕ್ಕೆ ಜೋಡಿಸುವ ಗೃಹ ಸಾಧನಗಳಿಗೆ ಕನಿಷ್ಠ ಎಷ್ಟು ಕಾಲ ಭದ್ರತಾ ತಂತ್ರಾಂಶ ಒದಗಿಸಲಾಗುವುದೆಂದು ತಯಾರಕರು ಪ್ರಕಟಿಸಬೇಕು. ಫ್ರಾನ್ಸ್ 2021ರಿಂದ ಟಿ.ವಿ.ಯೂ ಸೇರಿದಂತೆ ಕೆಲವು ವಸ್ತುಗಳ ಮೇಲೆ ಹತ್ತಕ್ಕೆ ಇಷ್ಟು ಎಂದು ದುರಸ್ತಿಯ ಅಂಕ ನಮೂದಿಸುವುದನ್ನು ಕಡ್ಡಾಯಗೊಳಿಸಿತು. ಯುರೋಪಿಯನ್ ಒಕ್ಕೂಟವು 2025ರ ಜೂನ್ 20ರಿಂದ ಮೊಬೈಲ್ ಫೋನುಗಳ ಮಾದರಿ ಮಾರುಕಟ್ಟೆಯಿಂದ ಹಿಂದೆ ಸರಿದ ನಂತರ ಕನಿಷ್ಠ ಐದು ವರ್ಷ ತಂತ್ರಾಂಶ ನವೀಕರಣ ಲಭ್ಯವಿರಬೇಕೆಂದು ವಿಧಿಸಿದೆ. ನಮ್ಮ ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆಯೂ ಕೈಕಟ್ಟಿ ಕುಳಿತಿಲ್ಲ. ‘ದುರಸ್ತಿಯ ಹಕ್ಕು’ ಕುರಿತು 2022ರ ಜುಲೈನಲ್ಲಿ ಸಮಿತಿ ರಚಿಸಿತು, ಅದೇ ವರ್ಷದ ಡಿಸೆಂಬರ್‌ನಲ್ಲಿ ಅದಕ್ಕೊಂದು ಜಾಲತಾಣ ತೆರೆಯಿತು. ಮೊಬೈಲ್ ಮತ್ತು ಇಲೆಕ್ಟ್ರಾನಿಕ್ ವಸ್ತುಗಳ ದುರಸ್ತಿ ಸೂಚ್ಯಂಕ ಕುರಿತ ಮತ್ತೊಂದು ಸಮಿತಿ 2025ರ ಮೇ ತಿಂಗಳಲ್ಲಿ ವರದಿ ಒಪ್ಪಿಸಿದೆ.

ಇನ್ನು ಆಗಬೇಕಾದ್ದು ಮೂರು ಕೆಲಸ. ಒಂದು, ಟಿ.ವಿ. ಪೆಟ್ಟಿಗೆಯ ಮೇಲೆ ಗರಿಷ್ಠ ಬೆಲೆ, ತಯಾರಿಕೆಯ ತಿಂಗಳುಗಳ ಜೊತೆಯಲ್ಲಿ ‘ಇಂಥ ವರ್ಷದವರೆಗೆ ತಂತ್ರಾಂಶ ಬೆಂಬಲ’ ಎಂಬ ಸಾಲು ಕಡ್ಡಾಯವಾಗಬೇಕು. ಬ್ರೆಡ್ಡಿನ ಪೊಟ್ಟಣವನ್ನು ದಿನಾಂಕವಿಲ್ಲದೆ ಮಾರಲು ಬಿಡದ ದೇಶದಲ್ಲಿ ಮೂವತ್ತು ಸಾವಿರದ ಟಿ.ವಿ.ಗೆ ಏಕೆ ವಿನಾಯಿತಿ? ವಿದ್ಯುತ್ ಉಳಿತಾಯದ ನಕ್ಷತ್ರ ಚೀಟಿ ಟಿ.ವಿ.ಯ ಮೇಲೆ ಈಗಾಗಲೇ ಇದೆ; ಅದರ ಪಕ್ಕದಲ್ಲಿ ಇನ್ನೊಂದು ಸಾಲಿಗೆ ಸ್ಥಳವಿದೆ. ಎರಡು, ಸೇವೆ ನಿಲ್ಲಿಸುವ ಆ್ಯಪ್ ಕಂಪೆನಿ ಕನಿಷ್ಠ ಆರು ತಿಂಗಳು ಮೊದಲು ಪರದೆಯ ಮೇಲೆ, ಗ್ರಾಹಕನ ಭಾಷೆಯಲ್ಲಿ, ತಿಳಿಸಬೇಕು. ಮುಂಗಡವಾಗಿ ಕಟ್ಟಿದ ವಾರ್ಷಿಕ ಚಂದಾದ ಉಳಿದ ಪಾಲನ್ನು ಹಿಂದಿರುಗಿಸಬೇಕು. ಮೂರು, ಬೆಂಬಲ ನಿಲ್ಲಿಸುವ ಮುನ್ನ ತಯಾರಕರು ಪ್ರಮಾಣಪತ್ರ ಮೊದಲಾದ ಮೂಲ ಅಗತ್ಯಗಳ ಕೊನೆಯ ನವೀಕರಣವೊಂದನ್ನು ಕಳುಹಿಸುವುದು ನಿಯಮವಾಗಬೇಕು. 2025ರ ಸೆಪ್ಟೆಂಬರ್ 22ರಿಂದ 32 ಅಂಗುಲಕ್ಕಿಂತ ದೊಡ್ಡ ಟಿ.ವಿ.ಗಳ ಮೇಲಿನ ಜಿಎಸ್‌ಟಿಯನ್ನು ಶೇ 28ರಿಂದ ಶೇ 18ಕ್ಕೆ ಇಳಿಸಿ ಸರ್ಕಾರ ಉದ್ಯಮಕ್ಕೆ ನೆರವಾಗಿದೆ. ಪ್ರತಿಯಾಗಿ ಒಂದು ಸಾಲು ಮುದ್ರಿಸಿರೆಂದು ಕೇಳುವುದು ಅತಿಯಾಗದು.

ಅಲ್ಲಿಯವರೆಗೆ ಗ್ರಾಹಕರು ಮಾಡಬಹುದಾದ ಕೆಲಸವೂ ಉಂಟು. ಆ್ಯಪ್ ನಿಂತ ಮಾತ್ರಕ್ಕೆ ಸೆಟ್ ಎಸೆಯಬೇಡಿ. ಮೊದಲು ಟಿ.ವಿ.ಯೊಳಗಿನ ದಿನಾಂಕ, ಸಮಯ ಸರಿಯಿದೆಯೇ ನೋಡಿ; ಅದು ತಪ್ಪಿದ್ದರೆ ಪ್ರಮಾಣಪತ್ರ ಒಪ್ಪಿತವಾಗದೆ ಆ್ಯಪ್‌ಗಳು ತೆರೆಯುವುದಿಲ್ಲ. ನಂತರ ತಂತ್ರಾಂಶ ನವೀಕರಣ ಬಾಕಿಯಿದೆಯೇ ಪರೀಕ್ಷಿಸಿ. ಎರಡರಿಂದಲೂ ಫಲವಿಲ್ಲದಿದ್ದರೆ ಎಚ್‌ಡಿಎಂಐ ರಂಧ್ರಕ್ಕೆ ಸಿಕ್ಕಿಸುವ ಸ್ಟಿಕ್ ಅಥವಾ ಪುಟ್ಟ ಪೆಟ್ಟಿಗೆ ಕೆಲವೇ ಸಾವಿರ ರೂಪಾಯಿಗಳಿಗೆ ಸಿಗುತ್ತದೆ. ಪರದೆ ಚೆನ್ನಾಗಿರುವವರೆಗೆ ಹಳೆಯ ಟಿ.ವಿ. ಅದರಿಂದ ಮತ್ತೆ ಕೆಲಸಕ್ಕೆ ಬರುತ್ತದೆ. ಹೊಸದನ್ನು ಕೊಳ್ಳುವುದಾದರೆ ‘ಎಷ್ಟು ವರ್ಷ ಅಪ್‌ಡೇಟ್?’ ಎಂದು ಕೇಳಿ, ಉತ್ತರವನ್ನು ಬಿಲ್ಲಿನ ಮೇಲೆ ಬರೆಸಿಕೊಳ್ಳಿ. ಕೊಟ್ಟ ಮಾತು ತಪ್ಪಿದರೆ 1915 ಸಂಖ್ಯೆಯ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ ಇದೆ. 2020ರ ಜುಲೈನಲ್ಲಿ ಜಾರಿಗೆ ಬಂದ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ಗ್ರಾಹಕನು ತಾನು ವಾಸಿಸುವ ಜಿಲ್ಲೆಯ ಆಯೋಗದಲ್ಲೇ ದೂರು ಸಲ್ಲಿಸಬಹುದು. ಕಂಪೆನಿಯ ಕಚೇರಿ ಗುರುಗ್ರಾಮದಲ್ಲಿದ್ದರೂ ದೇವರಗುಡ್ಡದವರು ಹಾವೇರಿಗೆ ಹೋದರೆ ಸಾಕು. ಐದು ಲಕ್ಷ ರೂಪಾಯಿವರೆಗಿನ ವಸ್ತುವಿಗೆ ಶುಲ್ಕವೂ ಇಲ್ಲ.

ಹಳ್ಳಿಯ ಮಧ್ಯಮ ವರ್ಗದ ಮನೆಯಲ್ಲಿ ಟಿ.ವಿ. ವಿಲಾಸದ ವಸ್ತುವಾಗಿ ಉಳಿದಿಲ್ಲ. ಮಕ್ಕಳು ಪುಣೆಗೋ ಬೆಂಗಳೂರಿಗೋ ಹೋದ ಮೇಲೆ ಇಬ್ಬರೇ ಉಳಿದ ವೃದ್ಧರಿಗೆ ಸಂಜೆಯ ಹೊತ್ತು ಕಳೆಯಲು ಅದೇ ಆಸರೆ. ಅದನ್ನು ಕೊಳ್ಳುವಾಗ ಅವರು ತೆತ್ತದ್ದು ಪಿಂಚಣಿಯ ಹಣ, ಫಸಲಿನ ಹಣ. ಆ ಹಣಕ್ಕೆ ಎಷ್ಟು ವರ್ಷದ ಸೇವೆ ಸಿಗುತ್ತದೆಂದು ಕೊಳ್ಳುವ ದಿನವೇ ತಿಳಿಯುವ ಹಕ್ಕು ಅವರಿಗಿದೆ. ದುರಸ್ತಿ ಸೂಚ್ಯಂಕದ ವರದಿ ಸರ್ಕಾರದ ಕೈಯಲ್ಲಿದೆ. ಅದರಲ್ಲಿ ಸ್ಕ್ರೂ ಮತ್ತು ಬಿಡಿಭಾಗಗಳಿಗೆ ಸಿಗುವ ಗಮನವೇ ತಂತ್ರಾಂಶದ ಆಯುಸ್ಸಿಗೂ ಸಿಗುವಂತೆ ನೋಡಿಕೊಳ್ಳುವುದು ಗ್ರಾಹಕ ಸಂಘಟನೆಗಳು ಮತ್ತು ನಮ್ಮ ಸಂಸದರು ಕೂಡಲೇ ಕೈಗೆತ್ತಿಕೊಳ್ಳಬೇಕಾದ ಕೆಲಸ.